ಸವೆಯುವ ಮಂತ್ರ

ಮಂತ್ರವಾದಿಗೆ ಎಷ್ಟು ಬೀಜ ಕೊಡಬೇಕು ಅನ್ನೋ ಜಗಳ ನಮ್ಮ ನಾಲ್ವರಲ್ಲಿ ಒಂದು ಇಡೀ ಬೇಸಿಗೆ ನಡೆಯಿತು. ಬೀಜ ಅಂದರೆ ಹುಣಸೆ ಬೀಜ. ಜಗಳ ಒಂದು ಆಟದ್ದು. ವಯಸ್ಸಿಗೆ ಬಂದ ಕತ್ತೆಗಳು ಹುಣಸೆ ಬೀಜಕ್ಕೆ ಕಿತ್ತಾಡಿದ್ದನ್ನ ನೆನೆಸಿಕೊಂಡರೆ ಯಾರಿಗಾದರೂ ನಗು ಬರಬೇಕು. ನನಗೆ ಬರೋದಿಲ್ಲ. ಸಾರಿಗೆ ಹುಣಸೆಹಣ್ಣು ಕಿವುಚುವಾಗ ಬೆರಳಿಗೆ ಒಂದು ಬೀಜ ಸಿಕ್ಕರೂ ಸಾಕು, ಸೋಸಲೆ ಆಚೆಯ ಆ ಜಗುಲಿ ಕಣ್ಮುಂದೆ ಬಂದು ನಿಲ್ಲುತ್ತೆ.

ತೊಂಬತ್ತರ ದಶಕದ ಕೊನೆಯ ಮಾತು. ನಮ್ಮ ಮನೆ ನಂಜನಗೂಡಿನಲ್ಲಿ. ನಾನು ಬಿ.ಎಡ್. ಸೀಟಿಗೆ ಕಾಯುತ್ತಾ, ಅಮ್ಮನ ಹತ್ತಿರ ದಿನಾ ಬೈಸಿಕೊಳ್ಳುತ್ತಾ ಮನೆಯಲ್ಲಿ ಕೂತಿದ್ದೆ. ನನ್ನ ಸೋದರಮಾವನ ಮಗ ನರಸೀಪುರದವನು, ಮೈಸೂರಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ. ಅವನು ಒಂದು ಸಲ ರಜಕ್ಕೆ ಬರುವಾಗ ಒಂದು ಕಟ್ಟು ಜೆರಾಕ್ಸ್ ಹಾಳೆ ತಂದ. ಇಂಗ್ಲಿಷ್ ಆಟದ ನಿಯಮಗಳು. ಒಬ್ಬರು ಕತೆ ನಡೆಸಬೇಕು, ಮಿಕ್ಕವರು ಒಬ್ಬೊಬ್ಬರು ಒಂದೊಂದು ವೇಷ ಹಾಕಿಕೊಳ್ಳಬೇಕು, ಬಣ್ಣ ಬಟ್ಟೆ ಏನೂ ಇಲ್ಲದೆ ಬರೀ ಬಾಯಲ್ಲಿ. ಎದುರಿಗೆ ಬಾಗಿಲಿದೆ ಅಂತ ನಡೆಸೋರು ಅಂದರೆ, ಒದೀತೀನಿ ಅಂತ ಒಬ್ಬ ಅಂತಾನೆ. ಬಾಗಿಲು ಮುರೀತೋ ಇವನ ಕಾಲು ಮುರೀತೋ ಅನ್ನೋದನ್ನ ದಾಳ ಹೇಳುತ್ತೆ. ಅವರ ಇಪ್ಪತ್ತು ಮುಖದ ದಾಳ ನಮಗೆಲ್ಲಿಂದ ಬರಬೇಕು? ಚೌಕಾಬಾರದ ಕವಡೆಗಳನ್ನೇ ಎಸೆದೆವು. ಅವರ ಕೋಟೆ, ಬೆಂಕಿ ಉಗುಳೋ ಹಲ್ಲಿ ಎಲ್ಲ ಕಿತ್ತು ಹಾಕಿ, ಮರಳಲ್ಲಿ ಹೂತುಹೋದ ಒಂದು ಊರು ಮಾಡಿದೆ. ಆ ಊರಿನ ಮನೆಗಳೊಳಕ್ಕೆ ಸೂರಿನಿಂದ ಇಳೀಬೇಕು. ಒಳಗೆ ಏನಿದೆಯೋ ನನಗೆ ಮಾತ್ರ ಗೊತ್ತು. ನಡೆಸೋಳು ನಾನೇ. ನನ್ನ ಬಾಯಿ ಜೋರು, ಅದಕ್ಕೇ ಆ ಕೆಲಸ ನನಗೆ ಬಂತು.

ಮಾವನ ಮನೆಯಲ್ಲಿ ಆಡೋಕೆ ಅತ್ತೆ ಬಿಡುತ್ತಿರಲಿಲ್ಲ, ಹುಡುಗರ ಮಧ್ಯೆ ಕೂತು ಏನದು ಅಂತ. ಹಾಗಾಗಿ ಭಾನುವಾರ ಬಂದರೆ ನಾನು ನಂಜನಗೂಡಿಂದ ಬಸ್ಸಲ್ಲಿ ನರಸೀಪುರಕ್ಕೆ ಬಂದು, ಅಲ್ಲಿಂದ ಮಾವನ ಮಗನ ಸ್ಕೂಟರಿನಲ್ಲಿ ಸೋಸಲೆ ಆಚೆಗಿನ ಒಂದು ಹಳ್ಳಿಗೆ ಹೋಗುತ್ತಿದ್ದೆ. ಅಲ್ಲಿ ಅವನ ಸ್ನೇಹಿತನ ಮನೆ. ಮನೆಯಲ್ಲಿ ಸ್ನೇಹಿತ, ಅವನ ತಂಗಿ, ಅವರ ತಾಯಿ, ತಾಯಿಯ ಅಪ್ಪ. ಆ ತಾತನಿಗೆ ವಯಸ್ಸಾಗಿತ್ತು, ಜಗುಲಿಯ ಹಗ್ಗದ ಮಂಚ ಬಿಟ್ಟು ಏಳುತ್ತಿದ್ದುದು ಕಡಿಮೆ. ಹಿರಿಯರು ಇದ್ದಾರಲ್ಲ ಅಂತ ನಮ್ಮಮ್ಮನೂ ಒಪ್ಪಿದಳು. ಆಟದಲ್ಲಿ ಮಾವನ ಮಗ ಸಿಪಾಯಿ, ಸ್ನೇಹಿತ ಮಂತ್ರವಾದಿ, ತಂಗಿ ಮದ್ದಿನವಳು. ಆಮೇಲೆ ಆಟದ ಹೊರಗೂ ನಾವು ಹಾಗೇ ಕರೆದುಕೊಂಡೆವು. ಇಲ್ಲಿಯೂ ಹಾಗೇ ಕರೀತೀನಿ.

ಜಗಳ ಶುರುವಾಗಿದ್ದು ಹೀಗೆ. ಸಿಪಾಯಿ ದಿನವಿಡೀ ಕತ್ತಿ ಬೀಸಬಹುದು, ಕೈ ಸೋಲೋದಿಲ್ಲ. ಮಂತ್ರವಾದಿಗೆ ಮೂರು ಬೀಜ. ಒಂದು ಬೀಜ ಇಟ್ಟರೆ ಒಂದು ಮಂತ್ರ, ಎಂಥಾ ದೆವ್ವವಾದರೂ ಬೂದಿ. ಆ ಹಾಳೆಗಳ ಪ್ರಕಾರ ಮಲಗಿ ಎದ್ದರೆ ಮೂರೂ ಬೀಜ ವಾಪಸ್ಸು. ನಮ್ಮ ಮಂತ್ರವಾದಿ ಮೊದಲನೇ ಬಾಗಿಲಲ್ಲೇ ಮೂರನ್ನೂ ಸುಟ್ಟುಬಿಟ್ಟು, "ಆಯ್ತು, ಮಲಗೋಣ" ಅನ್ನೋನು. ಕತೆಯೊಳಗೆ ಇನ್ನೂ ಬಿಸಿಲು ಏರಿರೋದಿಲ್ಲ, ಇವನು ಚಾಪೆ ಹಾಸ್ತಾನೆ.

"ನಾನೇನು ಇವನ ಗೂರ್ಖಾನಾ, ಇವನು ಗೊರಕೆ ಹೊಡೀವಾಗ ಕಾಯೋಕೆ?" ಅಂತ ಸಿಪಾಯಿ ರೇಗಿದ. "ನಂಗೂ ಬೀಜ ಕೊಡು."

ಕೊಟ್ಟೆ. ಮದ್ದಿನವಳಿಗೂ ಕೊಟ್ಟೆ. ಎಲ್ಲರಿಗೂ ಮೂರು ಮೂರು. ಕತ್ತಿಯ ಒಂದು ದೊಡ್ಡ ಏಟಿಗೆ ಒಂದು ಬೀಜ, ಮದ್ದಿಗೆ ಒಂದು ಬೀಜ. ಸರಿಸಮ ಆಯ್ತಲ್ಲ ಅಂತ ಬೀಗಿದೆ. ಎರಡು ವಾರಕ್ಕೆ ಆಟ ಸಪ್ಪೆಯಾಯಿತು. ಮದ್ದಿನವಳೇ ಹೇಳಿದಳು, "ಈಗ ಮೂರೂ ಜನ ಒಂದೇ ಕಣಕ್ಕ. ಎಸರು ಮಾತ್ರ ಬ್ಯಾರೆ." ಅವಳಿಗೆ ಮಾತು ಕಡಿಮೆ, ಆಡಿದರೆ ಹೀಗೆ ನೆತ್ತಿಗೆ ಹೊಡೆದ ಹಾಗೆ. ಎಷ್ಟು ತಿದ್ದಿದರೂ ಹೊಳೆಯಲ್ಲಿ ಹುಣಸೇಹಣ್ಣು ತೊಳೆದ ಹಾಗಾಯ್ತು ನನ್ನ ಗತಿ.

ಆಗ ಮಂಚದಿಂದ ತಾತನ ದನಿ ಬಂತು. ಇಷ್ಟು ದಿನ ಕಣ್ಮುಚ್ಚಿಕೊಂಡೇ ಎಲ್ಲ ಕೇಳಿಸಿಕೊಂಡಿತ್ತು ಆ ಮುದುಕ.

"ಏನವ್ವ, ನಿಮ್ ಮಂತ್ರವಾದಿ ಮಲೀಕಂಡ್ ಎದ್ರೆ ಮಂತ್ರ ತುಂಬ್ಕತದಾ? ಅಂಗಾಗಿದ್ರೆ ಈ ಮಂಚದ್ ಮ್ಯಾಲೆ ಬಿದ್ದಿರಾದ್ಕೆ ನಾನು ದೊಡ್ ಸಿದ್ಧನಾಗ್ಬೇಕಾಗಿತ್ತು."

ತಾತ ಸುತ್ತಮುತ್ತಲ ಹಳ್ಳಿಗಳಿಗೆಲ್ಲ ಹಾವು ಚೇಳಿನ ಮಂತ್ರ ಹಾಕುತ್ತಿದ್ದವರು. ಅವರು ಪಡವಲಕಾಯಿ ಬಾಯಿಗೆ ಇಡುತ್ತಿರಲಿಲ್ಲ, ಹಾವಿನ ಹಾಗಿರುತ್ತೆ ಅಂತ. ಮಂತ್ರದ ಕಟ್ಟಳೆಗಳನ್ನ ಅವತ್ತು ನಮಗೆ ಹೇಳಿದರು. ಪ್ರತಿ ಸಲ ಹಾಕಿದಾಗಲೂ ಮಂತ್ರ ಒಂದಿಷ್ಟು ಸವೆಯುತ್ತೆ. ಅದು ಮತ್ತೆ ತುಂಬೋದು ಗ್ರಹಣದಲ್ಲಿ, ಎದೆಮಟ್ಟ ನೀರಲ್ಲಿ ನಿಂತು ಜಪಿಸಿದರೆ ಮಾತ್ರ. ಕಚ್ಚಿಸಿಕೊಂಡವರ ಕಡೆಯಿಂದ ಕರೆಯೋಕೆ ಬಂದವನಿಗೆ ಇಲ್ಲ ಅನ್ನೋ ಹಾಗಿಲ್ಲ. ಊಟದ ಮುಂದಿನಿಂದಲೂ ಏಳಬೇಕು. ಮಂತ್ರ ಕಟ್ಟಿದ ಮೇಲೆ ಕಚ್ಚಿಸಿಕೊಂಡವರು ಸೂರ್ಯ ಮುಳುಗೋವರೆಗೂ ಊರ ಎಲ್ಲೆ ದಾಟಬಾರದು, ದಾಟಿದರೆ ಕಟ್ಟು ಬಿಚ್ಚಿಹೋಗುತ್ತೆ. ಒಂದೇ ಒಂದು ವಿನಾಯಿತಿ: ಮಂತ್ರ ಸವೆದಿದ್ದರೆ ಸವೆದಿದೆ ಅಂತ ಹೇಳಬಹುದು. ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳೋ ಹಾಗಿಲ್ಲ.

ನನಗೆ ಖುಷಿಯಾಗಿಬಿಟ್ಟಿತು. ನಂಬಿಕೆ ಗಿಂಬಿಕೆ ಆಚೆಗಿರಲಿ, ಆಟಕ್ಕೆ ಇದಕ್ಕಿಂತ ಒಳ್ಳೆ ನಿಯಮ ಯಾವ ಇಂಗ್ಲಿಷಿನವನು ಬರೆದಾನು? ಅವತ್ತೇ ಹಳೇದೆಲ್ಲ ರದ್ದು ಮಾಡಿದೆ. ಸಿಪಾಯಿಗೆ ಬೀಜ ಬೇಡ, ಕತ್ತಿ ಸಣ್ಣದು ಆದರೆ ಎಂದೂ ಮುಗಿಯೋದಿಲ್ಲ. ಮದ್ದಿನವಳ ಬೇರು ಮುಗೀತದೆ, ಆದರೆ ದಾರಿಯಲ್ಲಿ ಹುಡುಕಿ ಕಿತ್ತುಕೊಳ್ಳಬಹುದು. ಮಂತ್ರವಾದಿಗೆ ಮೂರೇ ಬೀಜ, ಗ್ರಹಣದವರೆಗೂ ಅಷ್ಟೇ. ಗ್ರಹಣ ಯಾವಾಗ ಅನ್ನೋದು ನಡೆಸೋಳ ಇಷ್ಟ. ಗ್ರಹಣ ಬಂದಾಗಲೂ ಕವಡೆ ಎಸೀಬೇಕು. ಎಲ್ಲಾ ಬೋರಲು ಬಿದ್ದರೆ ಆಕಾಶದಲ್ಲಿ ಮೋಡ. ಸೂರ್ಯ ಕಾಣದ ಗ್ರಹಣ ಲೆಕ್ಕಕ್ಕಿಲ್ಲ, ಬೀಜ ತುಂಬೋದಿಲ್ಲ. ಈ ಮೋಡದ ಮಾತು ತಾತನದಲ್ಲ, ನನ್ನದೇ ಸೇರ್ಪಡೆ. ಮೊದಲ ಸಲ ಹಾಗೆ ಬಿದ್ದಾಗ ಮಂತ್ರವಾದಿ ಕವಡೆಗಳನ್ನ ಅಂಗಳಕ್ಕೆ ಎಸೆದು, ಬಾಯಿಗೆ ಬಂದ ಹಾಗೆ ನನ್ನನ್ನ ಬೈದು, ಆಮೇಲೆ ತಾನೇ ಹೋಗಿ ಆರಿಸಿಕೊಂಡು ಬಂದು ಕೂತ. ನಡೆಸೋಳ ಮಾತೇ ಕೊನೆ. ಅದನ್ನ ಅವನು ಕಷ್ಟಪಟ್ಟು ಕಲಿತ.

ಆದರೆ ಆಟ ನಾನು ಎಣಿಸಿರದ ದಾರಿ ಹಿಡಿಯಿತು. ಮೊದಲು ಮೂರೂ ಬೀಜ ಸುಟ್ಟು ಮಲಗುತ್ತಿದ್ದವನು ಈಗ ಕೈಯೇ ಬಿಚ್ಚಲೊಲ್ಲ. ಮಹಾ ಜಿಪುಣನಾದ. ಒಂದು ಭಾನುವಾರ ಸಿಪಾಯಿ ಮರಳಿನ ಊರಿನ ಒಂದು ಉಗ್ರಾಣದೊಳಗೆ ಸಿಕ್ಕಿಕೊಂಡು, ಮರಳು ಕುತ್ತಿಗೆವರೆಗೂ ಬಂದು, ಮೂಗಿಗೆ ಬಂದು, ಸತ್ತೇ ಹೋದ. ಮಂತ್ರವಾದಿ ಕೊನೆ ಬೀಜ ಅಂಗೈಯಲ್ಲಿ ಇಟ್ಟುಕೊಂಡು ನೋಡುತ್ತಾ ಕೂತಿದ್ದ. ಬೆವರಿಗೆ ಬೀಜ ಮಿರಮಿರ ಹೊಳೆಯುತ್ತಿತ್ತು.

ಮದ್ದಿನವಳಿಗೆ ತಡೀಲಿಲ್ಲ. "ನಾಳಿಕೆ ನಾನೇ ಸಾಯ್ತಾ ಬಿದ್ದಿದ್ರೂ ಇಂಗೇ ಇಡ್ಕಂಡು ಕೂತಿರ್ತೀಯೇನ್ಲಾ?" ಅಂದಳು ಅಣ್ಣನಿಗೆ.

"ನಿಂಗಾದ್ರೆ ಕೊಡ್ತೀನಿ ಕಣವ್ವ," ಅಂದ ಅವನು. "ಇದ ಇಟ್ಟಿರಾದೇ ನಿಂಗೇಂತ."

ತಮಾಷೆಗೆ ಅಂದಿದ್ದಲ್ಲ. ಅಪ್ಪ ಇಲ್ಲದ ಮನೆ, ತಂಗಿ ಅಂದರೆ ಅವನಿಗೆ ಜೀವ. ಮಂಚದ ಮೇಲಿನ ಮುದುಕ ಮಾತ್ರ ಯಾಕೋ ಮೊಮ್ಮಗನನ್ನ ಒಂದೇ ಸಮ ನೋಡಿತು, ನೋಡಿ ಗೋಡೆ ಕಡೆ ಹೊರಳಿತು.

ನಿಯಮ ಸರಿಯಿದೆಯಾ ಇಲ್ಲವಾ ಅಂತ ನೋಡೋ ಚಟ ಒಂದು ಸಲ ಹತ್ತಿದರೆ ಎಲ್ಲದರಲ್ಲೂ ಅದೇ ಕಾಣುತ್ತೆ. ಆಟದ ಮಧ್ಯೆ ತಾತನನ್ನ ಕರೆಯೋಕೆ ಜನ ಬರುತ್ತಿದ್ದರು. ನಾನು ಬರೋರನ್ನ ಗಮನಿಸತೊಡಗಿದೆ. ಚೇಳು ಕಡಿದವರು, ಜರಿಹುಳ ಕಡಿದವರು ಬಂದರೆ ತಾತ ಬೂದಿ ಹಿಡಿದು, ಬೇವಿನ ಸೊಪ್ಪು ಇಳಿಸಿ ಮಂತ್ರ ಹಾಕುತ್ತಿದ್ದರು. ಕೆರೆ ಹತ್ತಿರ ನೀರುಹಾವು ಕಚ್ಚಿತು ಅಂತ ಅಳುತ್ತಾ ಬಂದ ಹೆಂಗಸಿಗೂ ಹಾಕಿದರು. ಒಂದು ದಿನ ಕಬ್ಬಿನ ಗದ್ದೆಯಲ್ಲಿ ನಾಗರಹಾವು ಕಚ್ಚಿದವನೊಬ್ಬನನ್ನ ಹೊತ್ತು ತಂದರು. ತಾತ ಗಾಯ ನೋಡಿದರು, ಅವನ ರೆಪ್ಪೆ ಎತ್ತಿ ನೋಡಿದರು. "ಸವೆದೋಗದೆ ಕಣ್ರಪ್ಪ. ನಂತಾವ ಏನೂ ಉಳಿದಿಲ್ಲ. ಆಸ್ಪತ್ರಗೆ ಓಡಿ" ಅಂದರು. ಹೊತ್ತು ತಂದವರು ನಿಂತ ಕಾಲಲ್ಲೇ ನರಸೀಪುರಕ್ಕೆ ಓಡಿದರು. ಅದೇ ಸಾಯಂಕಾಲ ಚೇಳು ಕಡಿದವನೊಬ್ಬ ಬಂದ. ಸವೆದುಹೋಗಿದ್ದ ಮಂತ್ರ ಅವನಿಗೆ ಮಾತ್ರ ಇತ್ತು.

ನಾನು ಬಿಡಬೇಕಲ್ಲ. ಮಿಕ್ಕವರು ಒಳಗೆ ಕಾಫಿಗೆ ಹೋದಾಗ ಮಂಚದ ಹತ್ತಿರ ಹೋಗಿ, "ಏನ್ ತಾತ, ಇದು ಮೋಸದಾಟ. ಸಣ್ಣದಕ್ಕೆ ಯಾವಾಗಲೂ ಇರುತ್ತೆ, ದೊಡ್ಡದಕ್ಕೆ ಯಾವಾಗಲೂ ಸವೆದಿರುತ್ತೆ?" ಅಂದೆ.

ಮುದುಕ ಮೊದಲು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಏನೋ ಗೊಣಗಿತು. ಆಮೇಲೆ ನನ್ನ ಕೈ ಹಿಡಿದು ಬಗ್ಗಿಸಿಕೊಂಡು ಮೆಲ್ಲಗೆ ಹೇಳಿತು. "ಬಂದೋರ್ಗೆ ಇಲ್ಲ ಅನ್ನಂಗಿಲ್ಲ ಕಣವ್ವ. ನನ್ ಕೈಲಾಗಲ್ಲ ಅಂದ್ರೆ ಇನ್ನೊಬ್ಬುನ್ತಾವ ಓಯ್ತಾರೆ. ಸವೆದದೆ ಅಂದ್ರೆ ಆಸ್ಪತ್ರಗೆ ಓಯ್ತಾರೆ. ನಮ್ಮಪ್ಪ ನಂಗ್ ಯೇಳ್ಕೊಟ್ಟಿದ್ದು ಇದು. ಮಂತ್ರಕ್ಕಿಂತ ಇದೇ ದೊಡ್ಡದು."

"ನಿಮ್ಮ ಮೊಮ್ಮಗನಿಗೆ ಗೊತ್ತಾ?"

"ಅವ್ನು ಇನ್ನೂ ನೀರಿಗೆ ಇಳಿದಿಲ್ಲ. ಗ್ರಹಣದಲ್ಲಿ ಮಂತ್ರ ಕೊಡ್ತೀನಿ, ನೀರಿಂದ ಮ್ಯಾಲಕ್ ಬಂದ್ಮೇಲೆ ಇದ ಯೇಳ್ತೀನಿ. ಅದೇ ಕ್ರಮ. ನೀ ಬಾಯ್ ಮುಚ್ಕಂಡಿರು."

ನಾನು ಬಾಯಿ ಮುಚ್ಚಿಕೊಂಡೆ. ಹುಟ್ಟಿದಾರಭ್ಯ ಯಾರಾದರೂ ಹೇಳಿದ್ದಕ್ಕೆ ನಾನು ಬಾಯಿ ಮುಚ್ಚಿಕೊಂಡಿದ್ದು ಅದೊಂದೇ ಸಲ ಇರಬೇಕು.

ಗ್ರಹಣ ಮಳೆಗಾಲದಲ್ಲಿ ಬಂತು, ಸಾಯಂಕಾಲದ ಸೂರ್ಯಗ್ರಹಣ. ಕಾವೇರಿ ಕೆಂಪಗೆ ತುಂಬಿ ಹರೀತಿತ್ತು. ಮೇಲಿಂದ ಬೇರು ಸಮೇತ ಕಿತ್ತು ಬಂದ ಮರಗಳು, ಒಂದು ಹುಲ್ಲಿನ ಮೆದೆ, ಉಬ್ಬಿದ ಒಂದು ಎಮ್ಮೆಕರು ತೇಲಿ ಹೋದವು. ಇಂಥಾ ನೀರಿಗೆ ಯಾರಾದರೂ ಇಳೀತಾರಾ ಅಂತ ನಾನು ಕೂಗಾಡಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮಂತ್ರವಾದಿಯ ಸೊಂಟಕ್ಕೆ ಬಾವಿಹಗ್ಗ ಕಟ್ಟಿ, ಇನ್ನೊಂದು ತುದಿಯನ್ನ ಮರಕ್ಕೆ ಸುತ್ತಿ ಸಿಪಾಯಿ ಹಿಡಿದುಕೊಂಡ. ತಾತನೂ ಇಳಿದರು. ನಡೆಯೋಕೇ ಆಗದ ಮುದುಕ ಮೊಮ್ಮಗನ ಭುಜ ಹಿಡಿದು ಎದೆಮಟ್ಟ ನೀರಲ್ಲಿ ನಿಂತು ಕಿವಿಯಲ್ಲಿ ಹೇಳುತ್ತಲೇ ಹೋದರು. ಆಕಾಶದ ತುಂಬ ಮೋಡ. ಸೂರ್ಯ ಎಲ್ಲಿದ್ದಾನೆ ಅಂತಲೇ ಗೊತ್ತಾಗಲಿಲ್ಲ. ಬೆಳಕು ಮಾತ್ರ ಇದ್ದಕ್ಕಿದ್ದ ಹಾಗೆ ತಗ್ಗಿತು, ಹಕ್ಕಿಗಳೆಲ್ಲ ಸುಮ್ಮನಾದವು, ನೀರಿನ ಸದ್ದು ಇದ್ದಷ್ಟಕ್ಕಿಂತ ಜಾಸ್ತಿ ಕೇಳಿಸಿತು. ಮದ್ದಿನವಳು ನನ್ನ ಸೆರಗು ಹಿಡಿದುಕೊಂಡು ನಿಂತಿದ್ದಳು.

ಇಬ್ಬರೂ ಮೇಲೆ ಬಂದರು. ಮಂತ್ರವಾದಿಯ ಮುಖ ಹೊಳೆಯುತ್ತಿತ್ತು. ತಾತ ದಡದಲ್ಲಿ ಕೂತು, ಮೊಮ್ಮಗನನ್ನ ಹತ್ತಿರ ಕರೆದು, ಏನೋ ಹೇಳೋಕೆ ಬಾಯಿ ತೆಗೆದರು. ಬಾಯಿ ಒಂದು ಕಡೆಗೆ ಸೊಟ್ಟಗಾಯಿತು. ಕೈ ಕೆಳಗೆ ಬಿತ್ತು. ಲಕ್ವ ಹೊಡೆದಿತ್ತು. ಆಸ್ಪತ್ರೆಯಿಂದ ವಾಪಸ್ಸು ಕರೆತಂದ ಮೇಲೆ ತಾತನ ಗಂಟಲಿಂದ ಗೊರಗೊರ ಸದ್ದು ಬಿಟ್ಟು ಇನ್ನೇನೂ ಹೊರಡಲಿಲ್ಲ. ಮಂತ್ರ ಮೊಮ್ಮಗನಿಗೆ ಬಂದಿತ್ತು. ಅದಕ್ಕಿಂತ ದೊಡ್ಡದು ಮುದುಕನ ಗಂಟಲಲ್ಲೇ ಉಳಿಯಿತು.

ಆಗಲೇ ಹೇಳಿಬಿಡೋಣ ಅಂತ ಮಂತ್ರವಾದಿಯನ್ನ ಪಕ್ಕಕ್ಕೆ ಕರೆದೆ. ಅವನು ಕೇಳೋ ಸ್ಥಿತಿಯಲ್ಲಿ ಇರಲಿಲ್ಲ. "ತಾತಂಗೆ ಸವೆದಿತ್ತು. ನಂದೀಗ ತುಂಬ್ಕಂಡದೆ. ಮೈಯೆಲ್ಲ ಜುಂ ಅಂತದೆ" ಅಂದ. ಅಂಗಳದಲ್ಲಿ ಅವನನ್ನ ನೋಡೋಕೆ ಊರವರು ಬಂದು ನಿಂತಿದ್ದರು. ಮುಂದಿನ ಭಾನುವಾರ ಸಮಾಧಾನವಾಗಿ ಹೇಳ್ತೀನಿ ಅಂದುಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನನ್ನ ಮನಸ್ಸು ಸರಿಯಿರಲಿಲ್ಲ. ಕೈ ತುಂಬ ಬೀಜ ಇರೋ ಮಂತ್ರವಾದಿ ಏನು ಮಾಡ್ತಾನೆ ಅಂತ ನನ್ನಷ್ಟು ಚೆನ್ನಾಗಿ ಯಾರಿಗೆ ಗೊತ್ತು?

ಆ ಭಾನುವಾರ ನಾವು ಸ್ಕೂಟರಿಂದ ಇಳಿಯೋ ಹೊತ್ತಿಗೆ ಅಂಗಳದ ತುಂಬ ಜನ. ಬೆಳಿಗ್ಗೆ ಹುಲ್ಲು ಕುಯ್ಯೋಕೆ ಹೋದ ಮದ್ದಿನವಳಿಗೆ ಬದುವಿನಲ್ಲಿ ಕೊಳಕುಮಂಡಲ ಕಚ್ಚಿತ್ತು. ಅವಳನ್ನ ಜಗುಲಿಯ ಮೇಲೆ, ನಾವು ಆಟ ಆಡೋ ಜಾಗದಲ್ಲೇ ಮಲಗಿಸಿದ್ದರು. ಪಾದ ಊದಿಕೊಂಡು ಚರ್ಮ ಹೊಳೆಯುತ್ತಿತ್ತು. ವಸಡಿನಿಂದ ಸಣ್ಣಗೆ ರಕ್ತ ಬರುತ್ತಿತ್ತು. ತಾಯಿ ಎದೆ ಬಡಿದುಕೊಳ್ಳುತ್ತಿದ್ದಳು. ಮಂತ್ರವಾದಿ ಒದ್ದೆ ಪಂಚೆಯಲ್ಲಿ, ಕೈಯಲ್ಲಿ ಬೇವಿನ ಸೊಪ್ಪು ಹಿಡಿದು ತಂಗಿಯ ಕಾಲ ಹತ್ತಿರ ಕೂತಿದ್ದ. ಕಟ್ಟುವ ದಾರ ಆಗಲೇ ಅರಿಶಿನದಲ್ಲಿ ಅದ್ದಿತ್ತು. ಕಟ್ಟಿದರೆ ಸೂರ್ಯ ಮುಳುಗೋವರೆಗೂ ಅವಳು ಊರು ದಾಟೋ ಹಾಗಿಲ್ಲ.

"ಎದ್ದೇಳೋ, ಆಸ್ಪತ್ರೆಗೆ ಹೊರಡಿ" ಅಂತ ನಾನು ನುಗ್ಗಿದೆ.

ಅವನು ತಲೆ ಎತ್ತಿದ. ಕಣ್ಣಲ್ಲಿ ಒಂದು ಚೂರೂ ಭಯವಿರಲಿಲ್ಲ, ಅದನ್ನ ನೋಡಿಯೇ ನನಗೆ ಎಲ್ಲಕ್ಕಿಂತ ಹೆಚ್ಚು ಭಯವಾಯಿತು. "ಬ್ಯಾಡ. ಇವಳಿಗೇಂತಲೇ ಇಟ್ಟಿರಾದು" ಅಂದ.

ಹಿಂದೆ ಮಂಚದಿಂದ ಗೊರಗೊರ ಸದ್ದು ಬಂತು. ತಿರುಗಿದೆ. ತಾತನ ಬಾಯಿಂದ ಜೊಲ್ಲು ಸುರೀತಿತ್ತು, ಒಂದು ಕೈ ಮಂಚದ ಹಗ್ಗವನ್ನ ಕಿತ್ತುಬಿಡೋ ಹಾಗೆ ಹಿಡಿದಿತ್ತು, ಕಣ್ಣು ನನ್ನನ್ನೇ ನೋಡುತ್ತಿದ್ದವು. ಊರಲ್ಲಿ ತಾತನ ಗುಟ್ಟು ಗೊತ್ತಿದ್ದವಳು ನಾನೊಬ್ಬಳೇ. ತಾತ ಹೀಗಂದಿದ್ದರು ಅಂತ ಅಲ್ಲಿ ಹೇಳಿದರೆ ಯಾರು ನಂಬುತ್ತಾರೆ? ನಂಜನಗೂಡಿಂದ ಬಂದ ಹುಡುಗಿ, ಅದೂ ಬಾಯಿಬಡುಕಿ. ವಾದ ಮಾಡೋಕೆ ಹೊತ್ತಿರಲಿಲ್ಲ.

ಅವನೆದುರಿಗೆ ಚಕ್ಕಳಮಕ್ಕಳ ಹಾಕಿ ಕೂತೆ, ಆಟದಲ್ಲಿ ಕೂರೋ ಹಾಗೇ. "ಕವಡೆ ಬೋರಲು ಬಿದ್ದಿದೆ," ಅಂದೆ. "ಗ್ರಹಣದ ದಿನ ಮೋಡ. ಸೂರ್ಯ ಕಂಡನಾ ನಿಂಗೆ? ಕಾಣದ ಗ್ರಹಣ ಲೆಕ್ಕಕ್ಕಿಲ್ಲ. ನಿನ್ನ ಹತ್ತಿರ ಬೀಜ ಇಲ್ಲ. ಒಂದೂ ಇಲ್ಲ."

"ಇದು ಆಟ ಅಲ್ಲ ಕಣೇ," ಅಂದ.

"ನಡೆಸೋಳು ಹೇಳ್ತಾ ಇದೀನಿ. ತುಂಬಿಲ್ಲ. ಎದ್ದೇಳು."

ಜನದೊಳಗಿಂದ ಒಬ್ಬ ಮುದುಕಿ, "ಊಂ ಕಣಪ್ಪ, ಅವತ್ತು ಸೂರ್ಯನೇ ಕಾಣ್ನಿಲ್ಲ" ಅಂತು. ಆ ಮುದುಕಿಯ ಹೊಟ್ಟೆ ತಣ್ಣಗಿರಲಿ. ಮಂತ್ರವಾದಿ ಅವಳ ಕಡೆ ನೋಡಿದ, ನನ್ನ ಕಡೆ ನೋಡಿದ. ಒಂದು ಬೇಸಿಗೆ ಪೂರ್ತಿ ನನ್ನ ಮಾತಿಗೆ ಬೈದು, ಬೈದು ಒಪ್ಪಿಕೊಂಡಿದ್ದ ಮುಖ ಅದು. ದಾರ ಹಿಡಿದಿದ್ದ ಬೆರಳು ಸಡಿಲವಾದವು. ಮೊದಲೆಲ್ಲ ತಾತ ಹೇಳುತ್ತಿದ್ದ ದನಿಯಲ್ಲೇ, "ಸವೆದದೆ. ಆಸ್ಪತ್ರಗೆ ಓಡಿ" ಅಂದ.

ಸಿಪಾಯಿ ಸ್ಕೂಟರ್ ಒದ್ದ. ಮಧ್ಯದಲ್ಲಿ ಅವಳನ್ನ ಕೂರಿಸಿ ಹಿಂದಿನಿಂದ ನಾನು ತಬ್ಬಿ ಹಿಡಿದೆ. ನರಸೀಪುರದಲ್ಲಿ ಒಂದಿಷ್ಟು ಇಂಜೆಕ್ಷನ್ ಕೊಟ್ಟು ಜೀಪಿನಲ್ಲಿ ಮೈಸೂರಿಗೆ ಕಳಿಸಿದರು. ಇನ್ನೊಂದು ಗಂಟೆ ತಡವಾ‌ಗಿದ್ದರೆ ನಾವೇನೂ ಮಾಡೋಕಾಗುತ್ತಿರಲಿಲ್ಲ ಅಂತ ಅಲ್ಲಿನ ಡಾಕ್ಟರಮ್ಮ ಅಂದರು. ಅವಳು ಉಳಿದಳು. ಹಿಮ್ಮಡಿಯ ಹತ್ತಿರ ಮಾಂಸ ಕೊಳೆತು, ಕೊಯ್ದು ತೆಗೆದು, ತೊಡೆಯ ಚರ್ಮ ತಂದು ಹೊಲಿದರು. ಆಗಿನಿಂದ ಕುಂಟು.

ಅಣ್ಣ ಆಸ್ಪತ್ರೆಗೆ ಬರಲೇ ಇಲ್ಲ. ಅವಳು ಮನೆಗೆ ಬಂದ ದಿನ ನನ್ನನ್ನ ಅಂಗಳದಲ್ಲಿ ತಡೆದು, "ನಿಜವಾಗ್ಲೂ ಸವೆದಿತ್ತಾ?" ಅಂತ ಕೇಳಿದ. ತಾತ ಹೇಳಿದ್ದನ್ನೆಲ್ಲ ಹೇಳಿದೆ. ಕೇಳುತ್ತಾ ಕೇಳುತ್ತಾ ಅವನ ಮುಖ ಕಪ್ಪಿಟ್ಟಿತು. ತಾತ ಇದ್ದಷ್ಟು ದಿನವೂ ಸುಳ್ಳಾಡಿದ ಅಂತೀಯಾ ಅಂತ ನನ್ನ ಮೇಲೆ ಕೈ ಎತ್ತಿದ, ಆಮೇಲೆ ಅದೇ ಕೈಯನ್ನ ಬಾಯಿಗೆ ಅಡ್ಡ ಇಟ್ಟುಕೊಂಡು ಅತ್ತ. ಆ ವರ್ಷವೇ ತಾತ ಹೋದರು. ಆಟ ಅಲ್ಲಿಗೆ ನಿಂತಿತು. ನನಗೆ ಸೀಟು ಸಿಕ್ಕಿತು, ಆಮೇಲೆ ನಂಜನಗೂಡಲ್ಲೇ ಮೇಷ್ಟ್ರುಗಿರಿ.

ವರ್ಷಗಳಾದ ಮೇಲೆ, ಎರಡು ಸಾವಿರನೇ ಇಸವಿ ದಾಟಿದ ಮೇಲೆ, ಒಂದು ಗ್ರಹಣದ ಮಾರನೇ ದಿನ ನರಸೀಪುರಕ್ಕೆ ಹೋದವಳು ಅವರನ್ನೂ ನೋಡಿ ಬರೋಣ ಅಂತ ಹೋದೆ. ಬೀದಿ ನಲ್ಲಿಯಲ್ಲಿ ಮದ್ದಿನವಳು ಬಿಂದಿಗೆ ಹಿಡಿದು ನಿಂತಿದ್ದಳು. ಆ ಕಾಲಿಗೇ ಅರಿಶಿನ ಮೆತ್ತಿದ ಹೊಸ ಬಟ್ಟೆ ಕಟ್ಟಿತ್ತು.

"ಏನಾಯ್ತೇ? ಮತ್ತೆ ಕಚ್ತಾ?"

ಅವಳು ನನ್ನನ್ನ ಮನೆಯೊಳಕ್ಕೆ ಕರೆದುಕೊಂಡು ಹೋಗಿ ನಕ್ಕಳು. ಅಣ್ಣ ಈಗ ತಾತನ ಮಂಚದ ಮೇಲೆ ಕೂರುತ್ತಿದ್ದ. ಪ್ರತಿ ಗ್ರಹಣದಲ್ಲೂ ನೀರಿಗೆ ಇಳೀತಾನೆ, ಊರೆಲ್ಲ ನೋಡೋ ಹಾಗೆ. ಮಂತ್ರ ಇಲ್ಲದವನು ಆಸ್ಪತ್ರೆಗೆ ಹೋಗಿ ಅಂದರೆ ಯಾರು ಕೇಳುತ್ತಾರೆ? ತುಂಬಿಸಿಕೊಂಡವನು ಸವೆದಿದೆ ಅಂದರೆ ಕೇಳುತ್ತಾರೆ. ಆದರೆ ಗ್ರಹಣ ಆದ ಮಾರನೇ ದಿನವೇ ಯಾರಾದರೂ ಬಂದರೆ? ಅದಕ್ಕೇ ಈ ಬಟ್ಟೆ. ಪ್ರತಿ ಗ್ರಹಣದ ಮಾರನೇ ಬೆಳಿಗ್ಗೆ ಕಟ್ಟಿಕೊಂಡು ಬೀದಿಯಲ್ಲಿ ಕುಂಟುತ್ತಾಳೆ. ತಂಗಿಗೆ ಮತ್ತೆ ಹಾವು ಕಚ್ಚಿತು, ಮಂತ್ರವೆಲ್ಲ ಅವಳಿಗೇ ಖರ್ಚಾಯಿತು ಅಂತ ಊರು ನಂಬುತ್ತೆ. "ನಿನ್ ಆಟದಲ್ಲಿ ಕಲ್ತಿದ್ದು ಕಣಕ್ಕ," ಅಂದಳು. ಇಷ್ಟು ಒಳ್ಳೆ ನಿಯಮ ನನಗೆ ಹೊಳೆದಿರಲಿಲ್ಲವಲ್ಲ ಅಂತ ನನಗೆ ಹೆಮ್ಮೆಯೂ ಆಯಿತು, ಹೊಟ್ಟೆಕಿಚ್ಚೂ ಆಯಿತು.

ಕಾಫಿ ಇನ್ನೂ ಆರಿರಲಿಲ್ಲ, ಮನೆ ಮುಂದೆ ಒಂದು ಆಟೋ ಬಂದು ನಿಂತಿತು. ಹಿಂದಿನ ಸೀಟಿನಲ್ಲಿ ಒಬ್ಬ ಹೆಂಗಸು ತನ್ನ ಅತ್ತೆಯ ತೊಡೆ ಮೇಲೆ ತಲೆ ಇಟ್ಟು ಮಲಗಿದ್ದಳು. ಗಂಡ ಇಳಿದು ಬಂದು ಕೈಮುಗಿದ. ಯಾವುದೋ ದೂರದ ಊರಿನವನು. ಮಂತ್ರವಾದಿ ಆಟೋವರೆಗೂ ಹೋಗಿ, ಅವಳ ರೆಪ್ಪೆ ಎತ್ತಿ ನೋಡಿದ.

"ಸವೆದೋಗದೆ ಕಣಣ್ಣ. ನರಸೀಪುರಕ್ ಓಡಿ, ಬೇಗ."

"ನೆನ್ನೆ ತಾನೆ ಗ್ರಹಣ ಆಗದಲ್ಲ ಸಾ."

ಮದ್ದಿನವಳು ಹೊಸ್ತಿಲಿಗೆ ಬಂದು ಸೀರೆ ಎತ್ತಿ ಕಾಲಿನ ಬಟ್ಟೆ ತೋರಿಸಿದಳು. "ಬೆಳಗ್ಗೆ ನಂಗೆ ಕಚ್ಬುಡ್ತು. ಎಲ್ಲಾ ನಂಗೇ ಆಗೋಯ್ತು" ಅಂದಳು.

ಅವನು ಆ ಬಟ್ಟೆ ನೋಡಿದ. ಜಗಳಕ್ಕೆ ಬರಲಿಲ್ಲ, ಬೇಜಾರೂ ಮಾಡಿಕೊಳ್ಳಲಿಲ್ಲ. ಕಟ್ಟಳೆ ಅವನಿಗೂ ಗೊತ್ತಿತ್ತು. "ಓಗ್ಲಿ ಬುಡಿ," ಅಂದ. "ಆ ಕಡೆ ಊರಲ್ಲಿ ಒಸಬ್ರು ಒಬ್ರು ಬಂದವ್ರಂತೆ. ಅವ್ರುದು ಸವೆಯಾದೇ ಇಲ್ವಂತೆ."

ಆಟೋ ತಿರುಗಿತು. ನರಸೀಪುರದ ಕಡೆಗಲ್ಲ. ನಾವು ಮೂವರೂ ಒಂದೇ ಸಲ ಬೀದಿಗೆ ಬಿದ್ದು ಓಡಿದೆವು. ಮಂತ್ರವಾದಿ ಬರಿಗಾಲಲ್ಲಿ ಆಟೋದ ಹಿಂದೆ ಹೋದ, ಆಸ್ಪತ್ರಗೆ ಓಗಿ ಅಂತ ಕೂಗುತ್ತಾ. ಅವಳು ಕುಂಟಿಕೊಂಡೇ ಓಡುತ್ತಾ, ಕಾಲಿನ ಬಟ್ಟೆ ಕಿತ್ತು ಎಸೆದು, "ಸುಳ್ಳು ಕಣಣ್ಣ, ನಾನ್ ಯೇಳಿದ್ದು ಸುಳ್ಳು" ಅಂತ ಅರಚಿದಳು. ಆಟೋದ ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲ. ಆ ಹೆಂಗಸು ಅದೇ ದಿನ, ಸೂರ್ಯ ಮುಳುಗೋದನ್ನ ಕಾಯುತ್ತಾ ಆ ಹೊಸಬನ ಅಂಗಳದಲ್ಲಿ ಸತ್ತಳು.

ಅವತ್ತಿನಿಂದ ಮಂತ್ರವಾದಿ ನೀರಿಗೆ ಇಳಿದಿಲ್ಲ. ಕರೆಯೋಕೆ ಜನ ಈಗಲೂ ಬರುತ್ತಾರೆ. ಅವನು ಮಂಚದ ಮೇಲೆ ತಲೆ ತಗ್ಗಿಸಿ ಕೂತಿರುತ್ತಾನೆ, ಮಾತಾಡೋಳು ತಂಗಿ. ಬಟ್ಟೆ ಗಿಟ್ಟೆ ಏನೂ ಇಲ್ಲದೆ, ಆ ಹೊಲಿದ ಕಾಲನ್ನ ಬಂದವರ ಮುಂದೆ ನೀಡುತ್ತಾಳೆ.

"ನೋಡಿ ಇದ," ಅನ್ನುತ್ತಾಳೆ. "ನಮ್ಮಣ್ಣಂಗೆ ಮಂತ್ರ ಬತ್ತಿರ್ನಿಲ್ಲ. ಅದ್ಕೇ ಬದುಕಿವ್ನಿ."